ಬ್ರಿಟನಿಯ ಗಲೆತ್ ಮನೆಯಲ್ಲಿ ಮಾಡೋದು ಹೇಗೆ? ಕಾವಲಿಯಿಂದ ಏಳ್ತಾನೇ ಇಲ್ಲ

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ನಾವು ಎರಡು ವರ್ಷ ಫ್ರಾನ್ಸಿನ ರೆನ್ ಊರಿನಲ್ಲಿದ್ದೆವು. ಪಶ್ಚಿಮದ ತುದಿಯಲ್ಲಿರುವ ಬ್ರಿಟನಿ ಪ್ರಾಂತ್ಯದ ದೊಡ್ಡ ಊರು ಅದು. ಅಲ್ಲಿ ಲಿಸ್ ಚೌಕದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಸಂತೆ ಸೇರುತ್ತದೆ. ತರಕಾರಿ ಕೊಂಡು ಮುಗಿಸಿ ಕೊನೆಗೆ ಗಲೆತ್ ಗಾಡಿ ಮುಂದೆ ಸಾಲು ನಿಲ್ಲುವುದು ನಮ್ಮನೆ ಪದ್ಧತಿಯೇ ಆಗಿಹೋಗಿತ್ತು. ಬೂದು ಬಣ್ಣ, ಮೈತುಂಬ ಸಣ್ಣ ಸಣ್ಣ ತೂತು, ಗರಿಗರಿ ಅಂಚು. ನೋಡಿದರೆ ದೋಸೆಯ ತಂಗಿ ಅನ್ನಬೇಕು.

ಈಗ ಊರಿಗೆ ವಾಪಸ್ ಬಂದಿದ್ದೇವೆ. ಮಗಳು ಇವತ್ತಿಗೂ ಗಲೆತ್ ಕೇಳುತ್ತಾಳೆ. ಬರುವ ತಿಂಗಳು ಅವಳ ಹುಟ್ಟುಹಬ್ಬ. ಅಷ್ಟರೊಳಗೆ ಕಲಿಯಲೇಬೇಕು ಅಂತ ಬೆಂಗಳೂರಿಂದ ಕುಟ್ಟು (ಬಕ್‌ವೀಟ್) ಹಿಟ್ಟು ತರಿಸಿದೆ. ಒಂದು ಲೋಟ ಹಿಟ್ಟು, ಎರಡು ಲೋಟ ನೀರು, ಉಪ್ಪು. ಕಲಸಿದ ತಕ್ಷಣ ನಾನ್‌ಸ್ಟಿಕ್ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಹುಯ್ದೆ. ಸೌಟಿನಿಂದ ಹರಡಲು ಹೋದರೆ ಹಿಟ್ಟು ಸೌಟಿನ ಜೊತೆಗೇ ಎದ್ದು ಬಂತು. ಎರಡನೆಯದು ಮಗುಚುವಾಗ ಮೂರು ತುಂಡಾಯಿತು. ಮೂರನೆಯದು ಇಡಿಯಾಗಿ ಬಂತು, ಆದರೆ ಹಸಿ ವಾಸನೆ, ತೂತೇ ಇಲ್ಲ. ಎಲ್ಲಿ ತಪ್ಪಿದೆ? ಮೈದಾ ಸೇರಿಸಬೇಕಾ?

ಹಳೇಪೇಟೆ

ಮಧ್ಯೆ ಬಂದೆ, ಕ್ಷಮಿಸಿ. ಫ್ರೆಂಚರು ಇದನ್ನು 'ಕಪ್ಪು ಗೋಧಿ' ಅಂತಾರೆ ಅಂತ ಎಲ್ಲೋ ಓದಿದೆ. ನಮ್ಮಲ್ಲಿ ಈಗ ಕಪ್ಪು ಗೋಧಿ ಹಿಟ್ಟು ಅಂತ ಮಾರ್ತಾರಲ್ಲ, ಅದೇನಾ ಇದು? ಜವೆ ಗೋಧಿ ಥರ ಇನ್ನೊಂದು ಜಾತಿನಾ?

ದೆಹಲಿ_ಕನ್ನಡತಿ

ಅಲ್ಲ. ದಯವಿಟ್ಟು ಅದನ್ನು ತರಬೇಡಿ. ಅಂಗಡಿಯಲ್ಲಿ ಕಪ್ಪು ಗೋಧಿ ಅಂತ ಸಿಗುವುದು ನಿಜವಾದ ಗೋಧಿ, ಬಣ್ಣ ಮಾತ್ರ ಬೇರೆ. ಫ್ರೆಂಚಿನಲ್ಲಿ 'ಬ್ಲೆ ನ್ವಾರ್' ಅನ್ನುವುದು ಬಕ್‌ವೀಟ್‌ಗೆ. ಹೆಸರಲ್ಲಿ ಗೋಧಿ ಇದ್ದರೂ ಗೋಧಿಗೂ ಇದಕ್ಕೂ ಸಂಬಂಧ ಇಲ್ಲ. ಹುಲ್ಲಿನ ಜಾತಿಯೇ ಅಲ್ಲ. ಮೂರು ಮೂಲೆಯ ಕಪ್ಪು ಬೀಜ, ಬಿಳಿ ಹೂವಿನ ಗಿಡ. ಅದಕ್ಕೇ ಉತ್ತರ ಭಾರತದಲ್ಲಿ ನವರಾತ್ರಿ ಉಪವಾಸಕ್ಕೆ ಕುಟ್ಟು ನಡೆಯುತ್ತದೆ. ಧಾನ್ಯ ಅಲ್ಲ ಅನ್ನುವ ಲೆಕ್ಕ. ಹಿಮಾಚಲದ ಕಿನ್ನೌರ್, ಲಡಾಖ್, ಸಿಕ್ಕಿಂ ಕಡೆ ಬೆಟ್ಟದಲ್ಲಿ ಬೆಳೆಯುತ್ತಾರೆ.

ಕುಟ್ಟು ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, 'ವ್ರತದ ಹಿಟ್ಟು' ಅಂತ ಬರೆದ ಪೊಟ್ಟಣದಲ್ಲಿ ಸಿಂಘಾರ, ರಾಜಗೀರದಂಥ ಬೇರೆ ಹಿಟ್ಟು ಬೆರೆಸಿರಬಹುದು. ಬರೀ ಕುಟ್ಟು ಅಂತ ಇರುವುದನ್ನೇ ಆರಿಸಿ. ಎರಡು, ತಾರೀಖು. ಈ ಹಿಟ್ಟು ಬೇಗ ಕಮಟಾಗುತ್ತದೆ. ಹಳೇ ಹಿಟ್ಟು ತಿಂದು ಜನ ಆಸ್ಪತ್ರೆ ಸೇರಿದ ಸುದ್ದಿ ಇಲ್ಲಿ ನವರಾತ್ರಿ ಹೊತ್ತಿಗೆ ಬರುತ್ತಿರುತ್ತದೆ. ಒಮ್ಮೆ ನನಗೂ ಅಂಗಡಿಯೊಂದರಲ್ಲಿ ಕಹಿ ಹಿಟ್ಟು ಸಿಕ್ಕಿತ್ತು. ಪೊಟ್ಟಣ ಒಡೆದ ತಕ್ಷಣ ಮೂಸಿ ನೋಡಿ. ಹಳೇ ಎಣ್ಣೆ ವಾಸನೆ ಬಂದರೆ ಹಿಂದೆ ಮುಂದೆ ನೋಡದೆ ಚೆಲ್ಲಿ. ಚೆನ್ನಾಗಿದ್ದರೆ ಫ್ರಿಜ್ಜಿನಲ್ಲಿಡಿ.

ಕೆಂಪೆರ್_ಮನೆ (ಫ್ರಾನ್ಸ್)

ತುಂಗಾತೀರ ಅವರೇ, ಹದಿನಾಲ್ಕು ವರ್ಷದಿಂದ ಬ್ರಿಟನಿಯಲ್ಲೇ ಇದ್ದೇನೆ. ಕ್ಯಾಂಪೇರ್ ಊರು, ಇಲ್ಲಿಯ ಬ್ರೆತೊನ್ ಭಾಷೆಯಲ್ಲಿ ಕೆಂಪೆರ್. ಪಕ್ಕದ ಮನೆಯ ಅಜ್ಜಿ ನನಗೆ ಇದನ್ನು ಕಲಿಸಿದರು. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಕಾಶ ಓದಿ.

ನಿಮ್ಮ ಹಿಟ್ಟು ನೆನೆದಿಲ್ಲ. ಅದೇ ಮೊದಲ ತೊಂದರೆ. ಗೋಧಿ ಹಿಟ್ಟಾದರೆ ಗ್ಲುಟೆನ್ ಅನ್ನುವ ಅಂಟು ಹಿಡಿದುಕೊಳ್ಳುತ್ತದೆ. ನಮ್ಮ ದೋಸೆಯಲ್ಲಿ ಉದ್ದಿನ ಲೋಳೆ ಆ ಕೆಲಸ ಮಾಡುತ್ತದೆ. ಬಕ್‌ವೀಟ್‌ನಲ್ಲಿ ಗ್ಲುಟೆನ್ ಇಲ್ಲ. ಆದರೆ ಅದಕ್ಕೂ ಅದರದ್ದೇ ಒಂದು ಲೋಳೆ ಇದೆ. ಇಡೀ ಕಾಳು ನೆನೆಸಿ ನೋಡಿ, ನೀರು ಜಾರುಜಾರಾಗುತ್ತದೆ. ಹಿಟ್ಟಿನಲ್ಲಿ ಆ ಲೋಳೆ ಬಿಡಬೇಕಾದರೆ ನೀರು ಬೇಕು, ಹೊತ್ತು ಬೇಕು, ಕೈ ಬಲ ಬೇಕು. ಕಲಸಿದ ತಕ್ಷಣ ಹುಯ್ದರೆ ತುಂಡಾಗದೆ ಇನ್ನೇನು?

ಅಳತೆ: 330 ಗ್ರಾಂ ಹಿಟ್ಟು, 10 ಗ್ರಾಂ ಕಲ್ಲುಪ್ಪು, 750 ಮಿಲಿ ತಣ್ಣೀರು. ಇಲ್ಲಿ ಮನೆಮನೆಯಲ್ಲೂ ಹೆಚ್ಚು ಕಮ್ಮಿ ಇದೇ. ನೀರನ್ನು ಒಟ್ಟಿಗೆ ಸುರಿಯಬೇಡಿ. ಅಗಲ ಬಾಯಿಯ ಪಾತ್ರೆಯಲ್ಲಿ ಹಿಟ್ಟು ಉಪ್ಪು ಹಾಕಿ, ಮೊದಲು ಅರ್ಧದಷ್ಟು ನೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಕಲಸಿ. ವಡೆ ಹಿಟ್ಟಿಗಿಂತ ತುಸು ಸಡಿಲ ಆಗುತ್ತದೆ. ಈಗ ಕೈಯಿಂದಲೇ ಬಡಿಯಬೇಕು. ಅಂಗೈ ಬಗ್ಗಿಸಿ ತಳದಿಂದ ಹಿಟ್ಟನ್ನು ಎತ್ತಿ ಎತ್ತಿ ಪಾತ್ರೆಗೆ ಅಪ್ಪಳಿಸುವುದು. ಉದ್ದಿನ ವಡೆಗೆ, ಹಪ್ಪಳಕ್ಕೆ ಹಿಟ್ಟು ಹದ ಮಾಡಿದವರಿಗೆ ಈ ಅಂದಾಜು ಇರುತ್ತದೆ. ಮೊದಮೊದಲು ಒರಟು ಒರಟಾಗಿ ಬೆರಳಿಗೆ ಅಂಟುತ್ತದೆ. ಎಂಟು ಹತ್ತು ನಿಮಿಷ ಕಳೆಯುವ ಹೊತ್ತಿಗೆ ನುಣ್ಣಗಾಗಿ, ಹೊಳಪು ಬಂದು, ಗುಳ್ಳೆ ಏಳುತ್ತದೆ. ಎತ್ತಿದರೆ ಪಟ್ಟಿಯ ಹಾಗೆ ಇಳಿಯುತ್ತದೆ. ಅಜ್ಜಿ ಪಾತ್ರೆ ನೋಡುತ್ತಲೇ ಇರಲಿಲ್ಲ. ಅಪ್ಪಳಿಸುವ ಶಬ್ದ ಬದಲಾದಾಗ 'ಸಾಕು' ಅನ್ನುತ್ತಿದ್ದರು.

ಆಮೇಲೆ ಮೇಲ್ಮೈ ಕಪ್ಪಾಗಿ ಕೆನೆಕಟ್ಟದ ಹಾಗೆ ಒಂದು ತೆಳು ಪದರ ನೀರು ನಿಲ್ಲಿಸಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಹುಳಿ ಬರಿಸುವುದು ಇಲ್ಲಿಯ ಉದ್ದೇಶ ಅಲ್ಲ. ಶಿವಮೊಗ್ಗದ ಸೆಕೆಗೆ ಹೊರಗಿಟ್ಟರೆ ಹುಳಿಯಾಗಿಬಿಡುತ್ತದೆ. ಅವಸರ ಇದ್ದರೆ ಕನಿಷ್ಠ ಎರಡು ಗಂಟೆ. ಬೆಳಿಗ್ಗೆ ಉಳಿದ ನೀರು ಸೇರಿಸಿ ಸಡಿಲ ಮಾಡಿ. ಕೆಲವು ಹಿಟ್ಟು ಜಾಸ್ತಿ ನೀರು ಕುಡಿಯಬಹುದು, ಹದ ನೋಡಿಕೊಂಡು ಬಿಡಿ.

ಇನ್ನು ಕಾವಲಿ. ಇಲ್ಲಿಯದು 'ಬಿಲಿಗ್', ಅಂಚಿಲ್ಲದ ದಪ್ಪ ಬೀಡಿನ ತಟ್ಟೆ. ಹಿಂದೆ ಒಲೆಯ ಮೇಲೆ ಮುಕ್ಕಾಲಿಯಲ್ಲಿಟ್ಟು, ಮುಳ್ಳುಕಂಟಿ ಉರಿಸಿ ಮಾಡುತ್ತಿದ್ದರು. ಈಗ ಕರೆಂಟಿನದ್ದು, ಗ್ಯಾಸಿನದ್ದು ಬಂದಿವೆ. ಕಾವು 220 ಡಿಗ್ರಿ ಆಸುಪಾಸು ಇರಬೇಕು. ನಿಮ್ಮ ನಾನ್‌ಸ್ಟಿಕ್ ಅಷ್ಟು ಕಾಯಿಸಲು ಆಗುವುದಿಲ್ಲ, ಕಾಯಿಸಲೂ ಬಾರದು. ಮನೆಯಲ್ಲಿ ಅಮ್ಮನ ಕಾಲದ ಬೀಡಿನ ಕಾವಲಿ ಇದ್ದೇ ಇರುತ್ತದೆ ಅಲ್ವಾ? ಅದನ್ನು ಇಳಿಸಿ. ಹಿಟ್ಟು ಬಿದ್ದ ಕೂಡಲೇ ಚುಂಯ್ ಅನ್ನಬೇಕು. ಆ ಬಿಸಿಗೆ ಒಳಗಿನ ನೀರು ಆವಿಯಾಗಿ ನುಗ್ಗಿ ಬಂದ ದಾರಿಯೇ ಆ ತೂತುಗಳು. ಸಣ್ಣ ಉರಿಯಲ್ಲಿ ಅವು ಬರುವುದಿಲ್ಲ.

ಮೈದಾ ವಿಷಯ ಆಮೇಲೆ. ಮೊದಲು ಹೀಗೆ ಒಮ್ಮೆ ಮಾಡಿ ನೋಡಿ.

ನೀರುದೋಸೆ_ಪುತ್ತೂರು

ಅಕ್ಕ, ಎಷ್ಟು ಚೆನ್ನಾಗಿ ಬರೆದಿದ್ದೀರಿ. ನನಗೊಂದು ಅನುಮಾನ. ಅಲ್ಲಿಯವರು ಮರದ ಕೋಲಿನಿಂದ ಹರಡುತ್ತಾರೆ, ವಿಡಿಯೋದಲ್ಲಿ ನೋಡಿದ್ದೇನೆ. ಅದು ನಮ್ಮಲ್ಲಿ ಇಲ್ಲ. ಸೌಟಿನ ಬೆನ್ನಲ್ಲಿ ಸುತ್ತಿದರೆ ಏಳುತ್ತದೆ ಅಂತ ತುಂಗಾತೀರ ಅವರೇ ಹೇಳಿದ್ದಾರೆ. ನಾವು ತೆಳ್ಳವು ಮಾಡುವ ಹಾಗೆ ಸುರಿದು ಕಾವಲಿ ಓಲಿಸಿದರೆ ಆಗುವುದಿಲ್ಲವಾ?

ಎಣ್ಣೆ ಸವರಲು ನಮ್ಮ ಕಡೆಯ ಉಪಾಯ ಒಂದು. ಈರುಳ್ಳಿ ಅಡ್ಡಕ್ಕೆ ಕತ್ತರಿಸಿ, ಫೋರ್ಕಿಗೆ ಚುಚ್ಚಿ, ಎಣ್ಣೆಗೆ ಅದ್ದಿ ಕಾವಲಿಗೆ ಉಜ್ಜಿ. ಎಣ್ಣೆ ಎಲ್ಲಿಯೂ ಮಡುಗಟ್ಟುವುದಿಲ್ಲ. ಪ್ರತಿ ದೋಸೆಗೂ ಒಮ್ಮೆ ಉಜ್ಜಿ, ಬಿಡಬೇಡಿ.

ಕೆಂಪೆರ್_ಮನೆ (ಫ್ರಾನ್ಸ್)

ಖಂಡಿತ ಆಗುತ್ತದೆ. ಇಲ್ಲಿಯೂ ಬಿಲಿಗ್ ಇಲ್ಲದವರು ಬಾಣಲೆ ಓಲಿಸಿಯೇ ಮಾಡುತ್ತಾರೆ. ಹಿಟ್ಟು ನೀರುದೋಸೆಗಿಂತ ಸ್ವಲ್ಪ ಗಟ್ಟಿ ಇರಲಿ. ಒಲೆಯಿಂದ ಎತ್ತಿ ಹಿಡಿದು, ಒಂದು ಕಡೆಯಿಂದ ಸುರಿದು, ಬೇಗ ಒಂದು ಸುತ್ತು ಓಲಿಸಿ ಮತ್ತೆ ಇಡಿ. ಬೀಡಿನ ಕಾವಲಿ ಭಾರ ಅಂತ ಎತ್ತಲಾಗದಿದ್ದರೆ ರವೆದೋಸೆಗೆ ಸುರಿಯುವ ಹಾಗೆ ಅಂಚಿನಿಂದ ಒಳಕ್ಕೆ ಸುರಿದುಕೊಂಡು ಬನ್ನಿ.

ನೀವು ನೋಡಿದ ಕೋಲು 'ರೋಜೆಲ್'. ಟಿ ಆಕಾರದ್ದು. ಅದನ್ನು ಒತ್ತುವುದಿಲ್ಲ. ಹಿಟ್ಟಿನ ಮೇಲೆ ತೇಲಿಸಿಕೊಂಡು ಹೋಗುವುದು. ಮಣಿಕಟ್ಟು ಮಾತ್ರ ತಿರುಗಬೇಕು. ನನಗೆ ಅದು ಕೈಗೆ ಹತ್ತಲು ಒಂದು ಚಳಿಗಾಲ ಪೂರ್ತಿ ಹಿಡಿಯಿತು. ಮಗುಚಲು ಉದ್ದ ತೆಳು ಮರದ ಪಟ್ಟಿ, ಅದಕ್ಕೆ 'ಸ್ಪಾನೆಲ್' ಅಂತಾರೆ. ನಮ್ಮ ಸಟ್ಟುಗದ ಕೆಲಸವೇ.

ಸವರುವುದಕ್ಕೆ ಇಲ್ಲಿ ಹಂದಿಕೊಬ್ಬಿಗೆ ಮೊಟ್ಟೆಯ ಹಳದಿ ಕಲಸಿ ಬಟ್ಟೆಯಲ್ಲಿ ಉಜ್ಜುತ್ತಿದ್ದರು. ಸಸ್ಯಾಹಾರಿಗಳಿಗೆ ನಿಮ್ಮ ಈರುಳ್ಳಿಯೇ ಸರಿ. ಬೆಣ್ಣೆ ಮಾತ್ರ ಕಾವಲಿಗೆ ಬೇಡ, ಆ ಕಾವಿಗೆ ಸೀದುಹೋಗುತ್ತದೆ. ಅದು ಗಲೆತ್ ಮೇಲೆ, ಕೊನೆಗೆ.

ರೆನ್_ವಿದ್ಯಾರ್ಥಿ

ರೆನ್‌ನಲ್ಲಿ ಓದುತ್ತಿದ್ದೇನೆ, ಹುಬ್ಬಳ್ಳಿಯವನು. ಒಂದು ಮಾತು ಹೇಳಲೇಬೇಕು. ಇಲ್ಲಿ ಗಲೆತ್ ಅಂದರೆ ಹಿಟ್ಟು, ನೀರು, ಉಪ್ಪು. ಮುಗಿಯಿತು. ಮೈದಾನೂ ಇಲ್ಲ, ಹಾಲೂ ಇಲ್ಲ, ಮೊಟ್ಟೆ ಏನಿದ್ದರೂ ಹೂರಣಕ್ಕೆ. ನಾನು ವಾರಕ್ಕೊಮ್ಮೆ ಕೆಲಸ ಮಾಡುವ ಗಾಡಿಯ ಯಜಮಾನರು ಹಿಟ್ಟಿಗೆ ಮೈದಾ ಬೆರೆಸುವುದನ್ನು ಒಪ್ಪುವುದೇ ಇಲ್ಲ. ಮೈದಾ ಹಾಕಿದರೆ ಹರಡಲು ಸಲೀಸು, ಆದರೆ ಹುರಿದ ಕಾಯಿಬೀಜದಂಥ ಆ ವಾಸನೆ ಮಂಕಾಗುತ್ತದೆ. ತುಂಗಾತೀರ ಅವರ ಮಗಳು ಕೇಳುತ್ತಿರುವುದು ಆ ವಾಸನೆಯನ್ನೇ ಅಂತ ನನ್ನ ನಂಬಿಕೆ.

ರೊಆಜೊನ್ ಪಾರ್ಕ್ ಫುಟ್‌ಬಾಲ್ ಮೈದಾನದ ಹೊರಗೆ ಪಂದ್ಯದ ದಿನ ಬಂದು ನೋಡಬೇಕು ನೀವು. ತಣ್ಣಗಿನ ಗಲೆತ್‌ನಲ್ಲಿ ಬಿಸಿ ಸಾಸೇಜ್ ಸುತ್ತಿ ಕೈಗೆ ಕೊಡುತ್ತಾರೆ. ತಟ್ಟೆ ಇಲ್ಲ. ಸಾಸಿವೆ ಗೊಜ್ಜು ಕೇಳಿದರೆ ಹಳಬರಿಗೆ ಹಿಡಿಸುವುದಿಲ್ಲ. ಅಷ್ಟು ಸರಳ ತಿಂಡಿ. ಹಿಟ್ಟೇ ಚೆನ್ನಾಗಿಲ್ಲದಿದ್ದರೆ ಅದರಲ್ಲಿ ಉಳಿಯುವುದೇನು?

ಕೆಂಪೆರ್_ಮನೆ (ಫ್ರಾನ್ಸ್)

ತಮ್ಮಾ, ನಿನ್ನ ಮಾತು ರೆನ್ ಕಡೆಗೆ ಸರಿ. ನೀನಿರುವುದು ಪೂರ್ವ ಬ್ರಿಟನಿ. ಅಲ್ಲಿ ಗಲೆತ್ ಸ್ವಲ್ಪ ದಪ್ಪ, ಮೆತ್ತಗೆ. ನಾವಿರುವುದು ಪಶ್ಚಿಮದಲ್ಲಿ. ಇಲ್ಲಿ ಇದನ್ನು ಗಲೆತ್ ಅನ್ನುವುದೇ ಇಲ್ಲ, ಕಪ್ಪು ಗೋಧಿಯ ಕ್ರೇಪ್ ಅಂತಾರೆ. ಬ್ರೆತೊನ್‌ನಲ್ಲಿ ಕ್ರಂಪೂಸ್. ಕಾಗದದ ಹಾಗೆ ತೆಳ್ಳಗೆ, ಗರಿಗರಿ. ಆ ಗರಿಗರಿಗೆ 'ಕ್ರಾಜ್' ಅಂತ ಬೇರೆ ಪದವೇ ಇದೆ. ಅಷ್ಟು ತೆಳು ಹರಡಲು ಸ್ವಲ್ಪ ಗೋಧಿ ಹಿಟ್ಟು, ಒಂದು ಮೊಟ್ಟೆ, ಕೆಲವರು ತುಸು ಹಾಲು ಸೇರಿಸುತ್ತಾರೆ. ಅದೂ ಹಳೆಯ ಪದ್ಧತಿಯೇ. ದಾವಣಗೆರೆಯ ಬೆಣ್ಣೆದೋಸೆ ಸರಿ, ಮಂಗಳೂರಿನ ನೀರುದೋಸೆ ತಪ್ಪು ಅನ್ನಲಾಗುತ್ತದಾ?

ಆದರೆ ಒಂದನ್ನು ಒಪ್ಪುತ್ತೇನೆ. ಕಲಿಯುವಾಗ ಬರೀ ಹಿಟ್ಟು, ನೀರು, ಉಪ್ಪಿನಲ್ಲೇ ಕಲಿಯಬೇಕು. ಹಿಟ್ಟು ನೆನೆದಿದೆಯಾ, ಕಾವು ಸರಿಯಾ ಅನ್ನುವುದು ಅದರಲ್ಲಿ ಮಾತ್ರ ಗೊತ್ತಾಗುತ್ತದೆ. ಮೈದಾ ಹಾಕಿದರೆ ಅರ್ಧಂಬರ್ಧ ನೆನೆದ ಹಿಟ್ಟೂ ಇಡಿಯಾಗಿ ಎದ್ದು ಬರುತ್ತದೆ, ತಪ್ಪು ತಿಳಿಯುವುದೇ ಇಲ್ಲ.

ಪುಟ್ಟನ_ಅಮ್ಮ

ನನ್ನ ಮಗನಿಗೆ ಸೀಲಿಯಾಕ್ (ಗ್ಲುಟೆನ್ ಒಗ್ಗದ ಕಾಯಿಲೆ) ಇದೆ. ಗೋಧಿ ಸೋಕುವಂತಿಲ್ಲ. ಈ ಚರ್ಚೆ ಓದಿ ಆಸೆಯಾಗುತ್ತಿದೆ. ಬರುವ ವರ್ಷ ಪ್ಯಾರಿಸ್‌ಗೆ ಹೋಗುವ ಯೋಚನೆ ಇದೆ. ಅಲ್ಲಿ ಇವನಿಗೆ ಧೈರ್ಯವಾಗಿ ಗಲೆತ್ ತಿನ್ನಿಸಬಹುದಾ?

ರೆನ್_ವಿದ್ಯಾರ್ಥಿ

ಕೇಳದೆ ತಿನ್ನಿಸಬೇಡಿ. ಪ್ಯಾರಿಸ್‌ನಲ್ಲಿ ಮೊಂಪರ್ನಾಸ್ ಸ್ಟೇಷನ್ ಸುತ್ತಮುತ್ತ ಕ್ರೇಪ್ ಅಂಗಡಿಗಳು ಸಾಲಾಗಿವೆ. ಬ್ರಿಟನಿಯ ರೈಲು ಬಂದು ನಿಲ್ಲುವುದು ಅಲ್ಲೇ. ಕೆಲಸ ಹುಡುಕಿ ಬಂದ ಬ್ರಿಟನಿಯವರು ಅಲ್ಲೇ ನೆಲೆ ನಿಂತರು. ಅಲ್ಲಿ ಹೋದರೆ ಮೂರು ಪ್ರಶ್ನೆ ಕೇಳಿ. ಹಿಟ್ಟಿನಲ್ಲಿ ಗೋಧಿ ಬೆರೆಸಿದ್ದೀರಾ? ಸಿಹಿ ಕ್ರೇಪ್ ಇದೇ ಕಾವಲಿಯಲ್ಲಿ ಮಾಡುತ್ತೀರಾ? ಸೌಟು, ಸಟ್ಟುಗ ಬೇರೆ ಇದೆಯಾ? ಸಿಹಿ ಕ್ರೇಪ್ ಮಾಡುವುದು ಗೋಧಿ ಹಿಟ್ಟಿನಲ್ಲಿ. ಕಾವಲಿ ಒಂದೇ ಆದರೆ ನಿಮ್ಮ ಮಗನಿಗೆ ಬೇಡವೇ ಬೇಡ.

ಪುಟ್ಟನ_ಅಮ್ಮ

ತುಂಬಾ ಉಪಕಾರ ಆಯ್ತು. ಕಾವಲಿಯ ವಿಷಯ ಹೊಳೆದೇ ಇರಲಿಲ್ಲ. ಸದ್ಯ ಮನೆಯಲ್ಲೇ ಮಾಡುತ್ತೇನೆ. ಗೋಧಿ ಬೀಸುವ ಗಿರಣಿಯಲ್ಲಿ ಬೀಸಿದ ಹಿಟ್ಟು ಬೇಡ ಅಂತ ಇಡೀ ಕಾಳು ತರಿಸಿ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳುತ್ತೇನೆ.

ದೆಹಲಿ_ಕನ್ನಡತಿ

ಇನ್ನೊಂದು ಎಚ್ಚರಿಕೆ. ಗ್ಲುಟೆನ್ ಇಲ್ಲ ಅಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗುತ್ತದೆ ಅಂತಲ್ಲ. ಬಕ್‌ವೀಟ್‌ಗೇ ಅಲರ್ಜಿ ಇರುವವರಿದ್ದಾರೆ. ಕೆಲವರಿಗೆ ಜೋರಾಗಿಯೇ ಆಗುತ್ತದೆ. ಇದರಿಂದ ಮಾಡಿದ ಸೋಬಾ ಶಾವಿಗೆ ತಿನ್ನುವ ಜಪಾನಿನಲ್ಲಿ ಪೊಟ್ಟಣದ ಮೇಲೆ ಇದನ್ನು ಬರೆಯಲೇಬೇಕೆಂಬ ಕಾನೂನಿದೆ. ಮಗುವಿಗೆ ಮೊದಲ ಸಲವಾದರೆ ಒಂದು ಚೂರು ಕೊಟ್ಟು ನೋಡಿ. ಮೊದಲೇ ಬೇರೆ ಅಲರ್ಜಿ ಇದ್ದರೆ ಡಾಕ್ಟರನ್ನು ಕೇಳಿ.

ತುಂಗಾತೀರ (ಶಿವಮೊಗ್ಗ)

ಭಾನುವಾರದ ವರದಿ. ಕೆಂಪೆರ್ ಅಕ್ಕ ಹೇಳಿದ ಹಾಗೇ ಶನಿವಾರ ರಾತ್ರಿ ಹಿಟ್ಟು ಬಡಿದಿಟ್ಟೆ. ಹತ್ತು ನಿಮಿಷ ಅಂದಿರಿ, ನನಗೆ ಹದಿನೈದು ಬೇಕಾಯಿತು. ಬೆಳಿಗ್ಗೆ ನೋಡಿದರೆ ಹಿಟ್ಟಿನ ಗುಣವೇ ಬದಲಾಗಿತ್ತು. ಬೆರಳಲ್ಲಿ ಎತ್ತಿದರೆ ಎಳೆ ಬರುತ್ತಿತ್ತು.

ಅತ್ತೆಯವರ ಬೀಡಿನ ಕಾವಲಿ ಅಟ್ಟದ ಮೇಲಿತ್ತು. ತುಕ್ಕು ಹಿಡಿದಿತ್ತು. ಉಜ್ಜಿ ತೊಳೆದು, ಎಣ್ಣೆ ಹಚ್ಚಿ ಎರಡು ಸಲ ಕಾಯಿಸಿ ಪಳಗಿಸಿದೆ. ಮೊದಲನೆಯದು ಹಿಡಿದುಕೊಂಡಿತು. ಎರಡನೆಯದಕ್ಕೆ ಈರುಳ್ಳಿ ಉಜ್ಜಿ ಸುರಿದೆ. ಚುಂಯ್ ಅಂತು. ನೋಡನೋಡುತ್ತಲೇ ತೂತು ತೂತು. ಅಂಚು ತಾನಾಗೇ ಮೇಲೆದ್ದು ಬಂತು, ಸಟ್ಟುಗ ಹಾಕುವ ಮೊದಲೇ. ಮಗಳು ರೂಮಿಂದ ಓಡಿ ಬಂದು 'ಅಮ್ಮಾ, ಸಂತೆ ವಾಸನೆ' ಅಂದಳು. ನಾನು ಒಲೆ ಮುಂದೆಯೇ ಅತ್ತುಬಿಟ್ಟೆ.

ಎರಡು ತೊಂದರೆ ಉಳಿದಿವೆ. ನಾಲ್ಕೈದು ಆದ ಮೇಲೆ ಮತ್ತೆ ಹಿಡಿಯಲು ಶುರುವಾಯಿತು. ಬಣ್ಣವೂ ಅಲ್ಲಿಯಷ್ಟು ಬೂದು ಬರಲಿಲ್ಲ, ಕಪ್ಪು ಚುಕ್ಕೆಗಳಿಲ್ಲ.

ಕೆಂಪೆರ್_ಮನೆ (ಫ್ರಾನ್ಸ್)

ಓದಿ ನನಗೂ ಕಣ್ಣು ತುಂಬಿತು.

ಬಣ್ಣದ ಬಗ್ಗೆ ಚಿಂತೆ ಬೇಡ. ಆ ಚುಕ್ಕೆಗಳು ಸಿಪ್ಪೆಯ ಚೂರು. ನಿಮಗೆ ಸಿಕ್ಕಿದ್ದು ಸಿಪ್ಪೆ ಪೂರ್ತಿ ತೆಗೆದ ಕಾಳಿನ ಹಿಟ್ಟಿರಬೇಕು. ಇಲ್ಲಿ ಬೀಸುವಾಗ ಸ್ವಲ್ಪ ಸಿಪ್ಪೆ ಸೇರಿಯೇ ಇರುತ್ತದೆ. ಬ್ರಿಟನಿಯ ಈ ಹಿಟ್ಟಿಗೆ 2010ರಲ್ಲಿ ಯುರೋಪಿನ ಭೌಗೋಳಿಕ ಗುರುತೂ ಸಿಕ್ಕಿದೆ, ನಮ್ಮ ಮೈಸೂರು ಮಲ್ಲಿಗೆಗೆ ಸಿಕ್ಕ ಹಾಗೆ. ಅದು ಬೇಕಾಗಿಯೇ ಬಂತು. ಒಂದು ಕಾಲಕ್ಕೆ ಬಡವರ ಹೊಟ್ಟೆ ತುಂಬಿಸಿದ ಬೆಳೆ ಇದು. ಸಾರವಿಲ್ಲದ ಮಣ್ಣಿನಲ್ಲೂ ಬರುತ್ತದೆ, ಬಿತ್ತಿ ಸುಮಾರು ನೂರು ದಿನಕ್ಕೆ ಕೊಯ್ಲು. ಆಮೇಲೆ ಗೋಧಿ, ಮೆಕ್ಕೆಜೋಳ ಬಂದು ಇದನ್ನು ಹೊಲದಿಂದ ಓಡಿಸಿದವು. ಕೊನೆಗೆ ಗಲೆತ್ ಹಿಟ್ಟಿಗೂ ಹೊರದೇಶದ ಕಾಳು ತರಿಸುವ ಹಾಗಾಯಿತು. ಈಗ ಬೇಸಿಗೆಯಲ್ಲಿ ಕ್ಯಾಂಪೇರ್ ಸುತ್ತ ಬಿಳಿ ಹೂವಿನ ಹೊಲ ಕಂಡರೆ ನಾನು ಕಾರು ನಿಲ್ಲಿಸಿ ನೋಡುತ್ತೇನೆ.

ಕಾವಲಿ ಹಿಡಿಯುವುದು ಕಾವು ಇಳಿದುದರಿಂದ. ಮನೆಯ ಗ್ಯಾಸ್ ಉರಿ ಬೀಡಿಗೆ ಸಾಲದು. ಒಂದೊಂದರ ನಡುವೆ ಅರ್ಧ ನಿಮಿಷ ಬಿಡಿ. ಒಣ ಬಟ್ಟೆಯಲ್ಲಿ ಚೂರು ಒರೆಸಿ, ಮತ್ತೆ ಈರುಳ್ಳಿ ಉಜ್ಜಿ, ಆಮೇಲೆ ಸುರಿಯಿರಿ. ನೀರು ಮಾತ್ರ ಚಿಮುಕಿಸಬೇಡಿ.

ನೀರುದೋಸೆ_ಪುತ್ತೂರು

ಒಳಗೆ ಏನು ಹಾಕುತ್ತಾರೆ? ನಮ್ಮದು ಸಸ್ಯಾಹಾರ. ಮೊಟ್ಟೆಯೂ ಇಲ್ಲ.

ಕೆಂಪೆರ್_ಮನೆ (ಫ್ರಾನ್ಸ್)

ಹೆಸರುವಾಸಿಯಾದದ್ದು 'ಕಂಪ್ಲೆತ್': ಹಂದಿಮಾಂಸದ ಹ್ಯಾಮ್, ತುರಿದ ಎಮೆಂಟಾಲ್ ಚೀಸ್, ನಡುವೆ ಒಂದು ಮೊಟ್ಟೆ. ನಾಲ್ಕು ಅಂಚು ಒಳಗೆ ಮಡಿಸಿದರೆ ಚೌಕದ ನಡುವೆ ಹಳದಿ ಕಾಣುತ್ತದೆ. ನಿಮಗಾದರೆ ಅಣಬೆಯನ್ನು ಬೆಣ್ಣೆಯಲ್ಲಿ ಹುರಿದು ಸ್ವಲ್ಪ ಕೆನೆ ಹಾಕಿ. ಇಲ್ಲವೇ ಪಾಲಕ್, ಈರುಳ್ಳಿ, ಚೀಸ್. ಪಲ್ಯ ಜಾಸ್ತಿ ತುಂಬಬೇಡಿ, ಒದ್ದೆಯಾಗಿ ಒಡೆಯುತ್ತದೆ.

ನನಗೆ ಬರೀ ಬೆಣ್ಣೆಯದೇ ಇಷ್ಟ. ಇಲ್ಲಿ ಉಪ್ಪು ಹಾಕಿದ ಬೆಣ್ಣೆಯನ್ನೇ ಬಳಸುವುದು. ಜೊತೆಗೆ ಸೇಬಿನ ಸೈಡರ್ ಕುಡಿಯುತ್ತಾರೆ ಅಂತ ಎಲ್ಲರೂ ಬರೆಯುತ್ತಾರೆ. 'ಲೆ ರಿಬೋ' ಬಗ್ಗೆ ಬರೆಯುವವರು ಕಡಿಮೆ. ಲೆ ರಿಬೋ ಅಂದರೆ ಮಜ್ಜಿಗೆ! ಅಜ್ಜಿ ಒಂದು ಬಟ್ಟಲು ಮಜ್ಜಿಗೆ ಇಟ್ಟುಕೊಂಡು, ಗರಿಗರಿ ಕ್ರೇಪನ್ನು ಮುರಿದು ಅದ್ದಿ ತಿನ್ನುತ್ತಿದ್ದರು. ಮಾಂಸ ತಿನ್ನದ ಶುಕ್ರವಾರದ ರಾತ್ರಿ ಊಟ ಅವರ ಬಾಲ್ಯದಲ್ಲಿ ಅಷ್ಟೇ ಅಂತೆ. ಮೊದಲ ಸಲ ಆ ಬಟ್ಟಲನ್ನು ನನ್ನ ಮುಂದೆ ಇಟ್ಟಾಗ ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ಹುಳಿಮಜ್ಜಿಗೆಯ ರುಚಿ ನಾಲಿಗೆಗೆ ತಗುಲಿದ ಕೂಡಲೇ ಊರಿನ ನೆನಪು ಎಷ್ಟಾಯಿತೆಂದರೆ ಮಾತೇ ಹೊರಡಲಿಲ್ಲ. ಅಜ್ಜಿ ಏನೂ ಕೇಳದೆ ಇನ್ನೊಂದು ಬಟ್ಟಲು ತುಂಬಿಸಿದರು.

ತುಂಗಾತೀರ (ಶಿವಮೊಗ್ಗ)

ನಿನ್ನೆ ಹುಟ್ಟುಹಬ್ಬ ಆಯಿತು. ಎರಡು ಪಟ್ಟು ಅಳತೆ ಹಾಕಿದ್ದೆ. ಅರ್ಧ ನಿಮಿಷ ಬಿಟ್ಟು ಬಿಟ್ಟು ಹುಯ್ದೆ, ಹದಿನೆಂಟು ಇಡಿಯಾಗಿ ಬಂದವು. ಮಗಳ ಗೆಳತಿಯರಿಗೆ ಚೀಸ್, ಅಣಬೆ. ಅವಳಿಗೆ ಮೊಟ್ಟೆ ಒಡೆದು ಹಾಕಿದ್ದು. ಅತ್ತೆಯವರಿಗೆ ಗರಿಗರಿಯಾಗಿ ಒಂದು ಮಾಡಿ ಮಜ್ಜಿಗೆ ಬಟ್ಟಲು ಕೊಟ್ಟೆ. ಮೊದಲು ಅನುಮಾನದಿಂದಲೇ ಅದ್ದಿದರು. ಆಮೇಲೆ ಮಜ್ಜಿಗೆಗೆ ಚೂರು ಶುಂಠಿ ಜಜ್ಜಿ ಹಾಕು ಅಂದರು.

ನಾಲ್ಕು ಉಳಿದಿವೆ. ನಾಳೆಗೆ ಬಿಸಿ ಮಾಡುವುದು ಹೇಗೆ ಅಕ್ಕ?

ಕೆಂಪೆರ್_ಮನೆ (ಫ್ರಾನ್ಸ್)

ಒಂದರ ಮೇಲೊಂದು ಪೇರಿಸಿ ಬಟ್ಟೆಯಲ್ಲಿ ಸುತ್ತಿಡಿ, ಒಣಗದಿರಲಿ. ನಾಳೆ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ, ಮಡಿಸಿದ ಗಲೆತ್ ಇಟ್ಟು, ಎರಡೂ ಕಡೆ ಕೆಂಪಗಾಗುವವರೆಗೆ ಸಣ್ಣ ಉರಿಯಲ್ಲಿ ಬಿಡಿ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಈ ಶುಕ್ರವಾರ ನಾನೂ ಲೆ ರಿಬೋಗೆ ಶುಂಠಿ ಹಾಕುತ್ತೇನೆ.